ನಾಲ್ಕನೇ ಮಷೀನಿನ ಕೆಂಪು ಬಟನ್

ಮಾನ್ವಿಯ ಹತ್ತಿ ಮಿಲ್ಲಿಗೆ ಹೋಗುವ ಮೊದಲು ಆ ಡಬ್ಬಿ ಎರಡು ವಾರ ನಮ್ಮ ಊಟದ ಮೇಜಿನ ಮೇಲಿತ್ತು. ಬೂದು ಬಣ್ಣದ ತಗಡಿನ ಡಬ್ಬಿ, ಟಿಫಿನ್ ಕ್ಯಾರಿಯರಿಗಿಂತ ಸ್ವಲ್ಪ ದೊಡ್ಡದು. ಅದರಿಂದ ಹೊರಟ ವೈರುಗಳು ಆರು ಕೆಂಪು ಬಟನ್‌ಗಳಿಗೂ ಆರು ಸಣ್ಣ ಬಲ್ಬುಗಳಿಗೂ ಹೋಗಿ ಸೇರುತ್ತಿದ್ದವು. ಮಿಲ್ಲಿನಲ್ಲಿ ಬಲ್ಬಿನ ಜಾಗದಲ್ಲಿ ಮಷೀನು ಇರುತ್ತದೆ, ಹತ್ತಿಯನ್ನು ರೋಲರಿನಲ್ಲಿ ಎಳೆದು ಕಾಳು ಬೇರೆ ಮಾಡುವ ಮಷೀನು. ಬಟನ್ ಒತ್ತಿದರೆ ಮಷೀನು ನಿಲ್ಲಬೇಕು. ನಮ್ಮ ಮನೆಯಲ್ಲಿ ಬಟನ್ ಒತ್ತಿದರೆ ಬಲ್ಬು ಆರಬೇಕು. ನಮ್ಮ ಯಜಮಾನರು ಲ್ಯಾಪ್‌ಟಾಪ್ ನೋಡುತ್ತ ಕೂರುತ್ತಿದ್ದರು, ಅವರು "ಎರಡು" ಅಂದರೆ ನಾನು ಎರಡನೆಯದನ್ನು ಒತ್ತುತ್ತಿದ್ದೆ, "ಐದು" ಅಂದರೆ ಐದನೆಯದನ್ನು. ಬಟ್ಟಲುಗಳನ್ನು ಇಡಲು ಜಾಗವಿಲ್ಲದೆ ಆ ಎರಡು ವಾರ ನಾವು ನೆಲದ ಮೇಲೆ ಕೂತು ಉಂಡೆವು.

ನಮ್ಮವರದು ರಾಯಚೂರಿನಲ್ಲಿ ಸಣ್ಣ ಅಂಗಡಿ. ಮೊದಲು ಮಿಲ್ಲುಗಳ ಪ್ಯಾನೆಲ್ ರಿಪೇರಿ ಮಾಡುತ್ತಿದ್ದರು, ಆಮೇಲೆ ತಾವೇ ಡಬ್ಬಿ ಮಾಡಿಕೊಡಲು ಶುರು ಮಾಡಿದರು. ಡಬ್ಬಿಯೊಳಗೆ ಉಗುರಿನಷ್ಟು ಅಗಲದ ಒಂದು ಕಂಪ್ಯೂಟರ್ ಚಿಪ್ಪು, ಅದರೊಳಗೆ ಅದಕ್ಕೇ ಆದ ಪುಟ್ಟ ಆಪರೇಟಿಂಗ್ ಸಿಸ್ಟಂ. ಅದರ ಬಗ್ಗೆ ನಾನು ಕಲಿತದ್ದೆಲ್ಲ ಆ ಮೇಜಿನ ಹತ್ತಿರ ಕೂತು ಕಲಿತದ್ದು. ಚಿಪ್ಪು ಸದಾ ಏನಾದರೊಂದು ಕೆಲಸದಲ್ಲಿರುತ್ತದೆ. ಯಾರಾದರೂ ಬಟನ್ ಒತ್ತಿದರೆ ಆ ಕೆಲಸವನ್ನು ಅಲ್ಲಿಗೇ ಬಿಟ್ಟು ಓಡಿ ಬರಬೇಕು. ಹಾಗೆ ಕರೆಯುವುದಕ್ಕೆ ಇಂಟರಪ್ಟ್ ಎನ್ನುತ್ತಾರೆ. ನಾನು ಓದಿದ ಕಾನ್ವೆಂಟಿನ ಗೇಟಿನಲ್ಲಿ ಒಬ್ಬಳು ಆಯಾ ಇದ್ದಳು. ಗಂಟೆ ಬಾರಿಸಿದರೆ ಬಂದು ಚಿಲಕ ತೆಗೆದು, ಬಂದವರ ಹೆಸರನ್ನು ಚೀಟಿಯಲ್ಲಿ ಬರೆದು, ಚೀಟಿಯನ್ನು ಮೊಳೆಗೆ ಚುಚ್ಚಿ ಮತ್ತೆ ಗೇಟಿಗೆ ಬಂದು ನಿಲ್ಲುತ್ತಿದ್ದಳು. ಚೀಟಿಯನ್ನು ಆಫೀಸಿನ ಸಿಸ್ಟರ್ ಹತ್ತಿರ ಒಯ್ಯುವವರು ಬೇರೆ. ಅವಳೇ ಆಫೀಸಿನ ತನಕ ನಡೆದು ಹೋಗಿದ್ದರೆ ಆ ಹೊತ್ತಿನಲ್ಲಿ ಗಂಟೆ ಬಾರಿಸಿದ ಇನ್ನೊಬ್ಬರು ಬಿಸಿಲಲ್ಲಿ ನಿಲ್ಲಬೇಕಾಗುತ್ತಿತ್ತು. ಚಿಪ್ಪಿನಲ್ಲೂ ಹಾಗೇ ಇರಬೇಕು. ಕರೆ ಬಂದಾಗ ಮಾಡಲೇಬೇಕಾದಷ್ಟನ್ನು ಮಾಡಿ ಮರಳಬೇಕು, ಉಳಿದದ್ದು ಆಮೇಲೆ.

ಮಾನ್ವಿಯ ಮಿಲ್ಲಿನ ಸಾವ್ಕಾರರಿಗೆ ಒಂದು ವಿಶೇಷ ಬೇಕಾಗಿತ್ತು. ಹೆಣ್ಣಾಳುಗಳು ಮಾತಾಡಲಿಕ್ಕೆಂದು ಮಷೀನು ನಿಲ್ಲಿಸುತ್ತಾರೆಂದು ಅವರಿಗೆ ಅನುಮಾನ. ಯಾವ ಮಷೀನು ನಿಂತರೂ ಆ ಕ್ಷಣವೇ ತಮ್ಮ ಫೋನಿಗೆ ಮೆಸೇಜು ಬರಬೇಕೆಂದರು. ಹಳೆಯ ಬಟನ್‌ಗಳು ನೇರವಾಗಿ ಕರೆಂಟನ್ನೇ ಕಡಿಯುತ್ತಿದ್ದವು, ಆದರೆ ಹಾಗಿದ್ದರೆ ಡಬ್ಬಿಗೆ ಸುದ್ದಿ ಸಿಗುವುದಿಲ್ಲ. ಹಳೆಯ ವೈರುಗಳನ್ನು ಬಿಚ್ಚಿ ಎಲ್ಲವನ್ನೂ ಡಬ್ಬಿಯ ಮೂಲಕವೇ ಹಾಯಿಸುವುದೆಂದಾಯಿತು. ಅವಸರವಿತ್ತು, ಹೊಸ ಹತ್ತಿ ಬರತೊಡಗಿತ್ತು. ನಮ್ಮವರು ಮೆಸೇಜು ಕಳಿಸುವ ಕೆಲಸವನ್ನು ಬಟನಿನ ಕರೆಯೊಳಗೇ ಇಟ್ಟುಬಿಟ್ಟರು. ಚೀಟಿ ಬರೆದ ಆಯಾ ತಾನೇ ಅದನ್ನು ಒಯ್ಯುವಂತಾಯಿತು.

ಒಂದು ಬೆಳಗ್ಗೆ ಒಲೆಯ ಮೇಲೆ ಒಗ್ಗರಣೆ ಇಟ್ಟು ಬಂದಿದ್ದೆ. ಅವರು "ಮೂರು" ಅಂದರು. ಗ್ಯಾಸಿನ ಎರಡು ಒಲೆಗಳನ್ನು ಎರಡು ಕೈಯಿಂದ ಒಮ್ಮೆಲೇ ಆರಿಸುವ ರೂಢಿ ನನ್ನದು. ಹಾಗೇ ಮೂರನ್ನೂ ನಾಲ್ಕನ್ನೂ ಒಟ್ಟಿಗೆ ಒತ್ತಿಬಿಟ್ಟೆ. ಮೂರನೆಯ ಬಲ್ಬು ಆರಿತು. ನಾಲ್ಕನೆಯದು ಉರಿಯುತ್ತಲೇ ಇತ್ತು. ಒಂದು, ಎರಡು, ಮೂರು ಎಂದು ಎಣಿಸುವಷ್ಟು ಹೊತ್ತು ಉರಿದು ಆರಿತು.

"ರೀ, ನಾಲ್ಕನೇದು ತಡಾ ಮಾಡಿ ಆರ್ತು ನೋಡ್ರಿ."

"ಮೂರನೇದರ ಮೆಸೇಜ್ ಹೋಗಾಕತ್ತಿತ್ತು, ಅದಕ್ಕ." ಅವರು ಕತ್ತು ಎತ್ತಲಿಲ್ಲ. "ಎರಡು ಒಮ್ಮೆಲೆ ಯಾರು ಒತ್ತತಾರ? ಮಷೀನಿಗೆ ಒಬ್ಬಾಕಿ ಇರ್ತಾಳ. ನಿನ್ನಂಗ ಎರಡು ಕೈಲೆ ಎರಡು ಒಲಿ ಆರಿಸೋರು ಮಿಲ್‌ನಾಗ ಇಲ್ಲ ಬಿಡು."

ನಾನು ನಕ್ಕೆ. ಸಾಸಿವೆ ಸೀಯುವ ವಾಸನೆ ಬಂದು ಒಳಗೆ ಹೋದೆ. ಹೇಳಬೇಕಾದ್ದನ್ನು ಒಮ್ಮೆ ಮೆಲ್ಲಗೆ ಹೇಳು, ಮತ್ತೆ ಮತ್ತೆ ಹೇಳಿ ಪೀಡಿಸಬೇಡ ಎಂದು ಸಿಸ್ಟರುಗಳು ಕಲಿಸಿದ್ದರು. ಆ ಪಾಠವನ್ನು ನಾನು ಚೆನ್ನಾಗಿ ಕಲಿತಿದ್ದೆ. ಮೇಜು ಖಾಲಿಯಾದಾಗ ತಗಡು ಉಜ್ಜಿ ಬಿದ್ದ ಗೆರೆಗಳ ಮೇಲೆ ಹೊಸ ಹಾಸು ಹಾಸಿದೆ. ಅಂಥದೇ ಇನ್ನೊಂದು ಡಬ್ಬಿ ದೇವದುರ್ಗದ ಮಿಲ್ಲಿಗೂ ಹೋಯಿತು.

ಫೋನು ಬಂದಾಗ ನಾನು ಬಿಸಿಲಲ್ಲಿ ಜೋಳ ಹಸನು ಮಾಡುತ್ತಿದ್ದೆ. ನಮ್ಮವರು "ಯಾವ ಕೈ?" ಎಂದು ಕೇಳಿದ್ದಷ್ಟೇ ಕಿವಿಗೆ ಬಿತ್ತು. ಮಾನ್ವಿಗೆ ಹೋದವರು ಸಂಜೆಗೆ ಮುಂಚೆ ಮರಳಿದರು. ನಾಲ್ಕನೇ ಮಷೀನಿನ ಹೆಂಗಸಿನ ಬಲಗೈ ರೋಲರಿಗೆ ಸಿಕ್ಕಿ ಹೆಬ್ಬೆರಳೊಂದನ್ನು ಬಿಟ್ಟು ನಾಲ್ಕೂ ಬೆರಳು ಹೋಗಿದ್ದವು. ರಾಯಚೂರಿನ ದವಾಖಾನೆಗೆ ತಂದಿದ್ದರು.

"ನಮ್ಮ ಡಬ್ಬಿದು ತಪ್ಪಿಲ್ಲ," ಎಂದು ಅವರು ಒಂದು ಕಾಗದವನ್ನು ಮೇಜಿನ ಮೇಲಿಟ್ಟರು. ಡಬ್ಬಿ ತನ್ನೊಳಗೆ ಬರೆದಿಟ್ಟುಕೊಂಡ ಸಮಯದ ಪಟ್ಟಿ ಅದು. ಸಾವ್ಕಾರರು ಕೇಳಿದ್ದಕ್ಕೆ ಒಂದು ಪ್ರತಿ ಅವರಿಗೆ ಕೊಟ್ಟು, ಒಂದನ್ನು ತಂದಿದ್ದರು. "ನೀನಽ ನೋಡು. ಮೊದ್ಲು ನಾಲ್ಕನೇ ಮೋಟಾರಿನ ಲೋಡ್ ಏರ್ಯದ. ಅಂದ್ರ ಕೈ ಸಿಕ್ಕದ. ಆಮ್ಯಾಲ ಎರಡು ಸೆಕೆಂಡಿಗೆ ಬಟನ್ ಒತ್ಯಾಳ. ನಡಿಯೋ ಮಷೀನಿನ್ಯಾಗ ಕೈ ಇಟ್ಟಾಳ, ಪಾಪ."

ಅವರ ದನಿಯಲ್ಲಿ ಸಮಾಧಾನವಿತ್ತು. ಅದಕ್ಕಾಗಿ ನಾನು ಅವರನ್ನು ಆಗ ಬಯ್ಯಲಿಲ್ಲ, ಈಗಲೂ ಬಯ್ಯುವುದಿಲ್ಲ. ಪಟ್ಟಿಯಲ್ಲಿ ಆ ಹೊತ್ತಿನ ಮೂರು ಸಾಲುಗಳಿದ್ದವು. ನಮ್ಮವರು ತೋರಿಸಿದ್ದು ಕೆಳಗಿನ ಎರಡನ್ನು.

"ಇದೇನ್ರಿ, ಇದಕ್ಕೂ ಒಂದು ಸೆಕೆಂಡ್ ಮೊದ್ಲು ಮೂರನೇ ಮಷೀನ್ ನಿಂತದಲ್ಲ?"

"ಅದು ಬ್ಯಾರೆ ಮಷೀನ್."

"ಅದರ ಮೆಸೇಜ್ ಹೋಗಾಕತ್ತಿತ್ತೇನು?"

ಅವರು ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಮರುದಿನ ಮಾನ್ವಿಗೆ ಹೊರಟಾಗ ನಾನೂ ಬರುತ್ತೇನೆಂದೆ. ಬೇಡವೆನ್ನಲಿಲ್ಲ.

ಮಿಲ್ಲಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಗಾಳಿಯಲ್ಲೆಲ್ಲ ಹತ್ತಿಯ ಧೂಳು, ಹೆಂಗಸರ ಹುಬ್ಬು ರೆಪ್ಪೆಗಳೆಲ್ಲ ಬೆಳ್ಳಗೆ, ಎಲ್ಲರಿಗೂ ಒಂದೇ ವಯಸ್ಸಾದಂತೆ. ಸದ್ದಿನಲ್ಲಿ ಮಾತು ಕೇಳದು, ಅವರು ಒಬ್ಬರ ಕಿವಿಗೆ ಒಬ್ಬರು ಬಾಯಿಟ್ಟು ಮಾತಾಡುತ್ತಿದ್ದರು. ನಾಲ್ಕನೇ ಮಷೀನಿನ ಮುಂದೆ ಆಗಲೇ ಬೇರೊಬ್ಬಳು ನಿಂತಿದ್ದಳು. ಕೈಗೆ ಹಸಿರು ಬಳೆ, ಹೊಸಬಳು. ರೋಲರನ್ನು ತೊಳೆದಿದ್ದರು, ಕೆಳಗಿನ ಚೌಕಟ್ಟಿನ ಮೂಲೆಯನ್ನು ಮಾತ್ರ ತೊಳೆದಿರಲಿಲ್ಲ.

ನಮ್ಮವರು ಮಿಲ್ಲಿನ ಫಿಟ್ಟರ್ ಜೊತೆ ಪ್ಯಾನೆಲ್ ಹತ್ತಿರ ಹೋದರು. ನಾನು ಮೂರನೇ ಮಷೀನಿನ ಮುದುಕಿಯ ಪಕ್ಕ ನಿಂತೆ. ಮನೆಯಲ್ಲಿ ದಖನಿ ಉರ್ದು ಮಾತಾಡುವ ಮನೆತನದಾಕೆ, ತಲೆಯ ಮೇಲಿನ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೆಲಸ ಮಾಡುತ್ತಿದ್ದಳು.

"ಡಬ್ಬಿ ಸಾಹೇಬ್ರ ಮನಿಯವ್ರೇನ್ರಿ?" ಎಂದು ಕಿವಿಯಲ್ಲಿ ಕೇಳಿದಳು. "ಛಲೋ ಡಬ್ಬಿ ಮಾಡ್ಯಾರ ನೋಡ್ರಿ. ನಾವು ನೀರು ಕುಡ್ಯಾಕ ನಿಂತ್ರೂ ಸಾವ್ಕಾರಗ ಖಬರ್ ಹೋಗ್ತದ. ಉಚ್ಚಿಗೆ ಹೋದ್ರ ಹೋಗ್ತದಿಲ್ಲೋ, ಕೇಳಿ ಹೇಳ್ರಿ."

ಪಕ್ಕದವರು ತುಟಿ ನೋಡಿಯೇ ಅರ್ಥ ಮಾಡಿಕೊಂಡು ನಕ್ಕರು. ಆಗಲೇ ಮುದುಕಿಯ ರೋಲರಿಗೆ ಹಸಿ ಹತ್ತಿಯ ಉಂಡೆ ಸಿಕ್ಕಿ ಮಷೀನು ನರಳಿತು. "ಹಿಡಿ ಬಾ," ಎಂದು ಆಕೆ ಕೈ ಬೀಸಿದಳು. ಮುದುಕಿ ತನ್ನ ಬಟನ್ ಒತ್ತಿದ ಅದೇ ಗಳಿಗೆಗೆ ಹಸಿರು ಬಳೆಯವಳೂ ತನ್ನದನ್ನು ಒತ್ತಿದಳು. ಸಿಕ್ಕ ಉಂಡೆಯನ್ನು ಒಬ್ಬಳು ಕೀಳಲಾಗದು, ಒಬ್ಬಳು ರೋಲರ್ ಹಿಡಿಯಬೇಕು, ಇನ್ನೊಬ್ಬಳು ಎಳೆಯಬೇಕು. ತನ್ನ ಮಷೀನು ನಡೆಯುತ್ತಿರುವಾಗ ಬಿಟ್ಟು ಬರುವಂತಿಲ್ಲ, ಹಾಗಾಗಿ ಪಕ್ಕದವಳೂ ನಿಲ್ಲಿಸುತ್ತಾಳೆ. ಹೇಗೂ ನಿಂತಿತಲ್ಲ ಎಂದು ಬರುವ ಮೊದಲು ತನ್ನ ರೋಲರಿಗೆ ಮೆತ್ತಿದ ಅರಳೆಯನ್ನೂ ಒಮ್ಮೆ ಬಾಚಿಕೊಳ್ಳುತ್ತಾಳೆ. ವರ್ಷಗಟ್ಟಲೆಯ ರೂಢಿ ಅದು. ಹಳೆಯ ಬಟನ್ ಇದ್ದಾಗ ಒತ್ತಿದ ಮೇಲೆ ಕಣ್ಣು ಹಾಯಿಸುವ ಅಗತ್ಯವೇ ಇರಲಿಲ್ಲ.

ಮೂರನೆಯದು ನಿಂತಿತು. ನಾಲ್ಕನೆಯ ರೋಲರು ತಿರುಗುತ್ತಲೇ ಇತ್ತು. ಹಸಿರು ಬಳೆಯವಳು ಮುದುಕಿಯ ಕಡೆ ಮುಖ ಮಾಡಿ ಏನೋ ಹೇಳುತ್ತ ತನ್ನ ಮಷೀನಿನತ್ತ ಕೈ ಚಾಚಿದಳು. ನಾನು ಅವಳ ಮೊಣಕೈಯನ್ನು ಎಳೆದೆ. ಬಳೆ ಒಡೆದು ನನ್ನ ಅಂಗೈಗೆ ಚುಚ್ಚಿತು. ಅತ್ತ ನಮ್ಮವರೂ ನೋಡಿದ್ದರು. ಅವರು ಓಡಿ ಮೇನ್ ಸ್ವಿಚ್ಚನ್ನೇ ಕೆಳಗೆಳೆದರು. ಇಡೀ ಮಿಲ್ಲು ನಿಂತಿತು. ಅಷ್ಟು ಸದ್ದಿನ ನಂತರದ ಮೌನದಲ್ಲಿ ಧೂಳು ಕೆಳಗಿಳಿಯುವುದು ಕಾಣುತ್ತಿತ್ತು.

"ಯಾಕ್ರಿ ಸಾಹೇಬ್ರ?" ಫಿಟ್ಟರ್ ಸಿಟ್ಟಾದ. "ಅಮ್ಮಾರು ಬಂದ್ರು, ಮಿಲ್ಲಽ ನಿಂತ್ಬಿಡ್ತು."

"ಸ್ವಲ್ಪ ರಿಪೇರಿ ಅದ," ಎಂದರು ನಮ್ಮವರು.

ಆ ದಿನವೇ ಫಿಟ್ಟರ್‌ನ ಕೈಯಿಂದ ಹಳೆಯ ವೈರುಗಳನ್ನು ಮತ್ತೆ ಹಾಕಿಸಿದರು. ಬಟನ್ ಒತ್ತಿದರೆ ಮೊದಲು ಕರೆಂಟು ಕಡಿಯಬೇಕು, ಡಬ್ಬಿಗೆ ಗೊತ್ತಾಗಲಿ ಬಿಡಲಿ. ಡಬ್ಬಿಯನ್ನು ಮನೆಗೆ ತಂದು ಪ್ರೋಗ್ರಾಮನ್ನೂ ಬದಲಿಸಿದರು. ಕರೆ ಬಂದಾಗ ಮಷೀನು ನಿಲ್ಲಿಸಿ, ಸಮಯ ಗುರುತು ಹಾಕಿ ಮರಳುವುದು, ಅಷ್ಟೇ. ಮೆಸೇಜು ಕಳಿಸುವ ಕೆಲಸ ಬೇರೆ, ಬಿಡುವಾದಾಗ. ಹಾಗೆ ಮಾಡುವಾಗಲೇ ಆ ಪಟ್ಟಿ ಹೇಗೆ ಸುಳ್ಳಾಯಿತೆಂದು ನನಗೆ ತಿಳಿಸಿದರು. ಕರೆಗಳಿಗೂ ದರ್ಜೆಗಳಿರುತ್ತವೆ. ಮೇಲಿನ ದರ್ಜೆಯ ಕರೆ ಬಂದರೆ ಕೆಳಗಿನದು ತಡೆಯಬೇಕು. ಮೋಟಾರು ಸುಟ್ಟೀತೆಂದು ಅದರ ಲೋಡ್ ನೋಡುವ ಕೆಲಸಕ್ಕೆ ಅವರು ಎಲ್ಲಕ್ಕಿಂತ ಮೇಲಿನ ದರ್ಜೆ ಕೊಟ್ಟಿದ್ದರು. ಹಾಗಾಗಿ ಮೆಸೇಜು ಹೋಗುತ್ತಿದ್ದಾಗಲೂ ಮೋಟಾರಿನ ಲೋಡ್ ಏರಿದ್ದು ಸರಿಯಾದ ಸಮಯಕ್ಕೆ ದಾಖಲಾಯಿತು. ಬಟನ್‌ಗಳೆಲ್ಲ ಒಂದೇ ಕೆಳದರ್ಜೆಯವು. ಅವಳ ಬಟನ್ ಬಾಗಿಲಲ್ಲಿ ಕಾಯುತ್ತ ನಿಂತಿತು. ಡಬ್ಬಿ ಬರೆದದ್ದು ಅವಳು ಒತ್ತಿದ ಸಮಯವನ್ನಲ್ಲ, ತನಗೆ ಕೇಳಿಸಿದ ಸಮಯವನ್ನು. ಬೆರಳಿಗೆ ಸಿಗದ ದರ್ಜೆ ಮೋಟಾರಿಗೆ ಸಿಕ್ಕಿತ್ತು.

"ಅಂದ್ರ ಆಕಿ ಮೊದ್ಲಽ ಒತ್ಯಾಳ," ಎಂದೆ.

ಅವರು ಸ್ಕ್ರೂ ತಿರುಗಿಸುತ್ತಿದ್ದರು. "ಹೂಂ," ಎಂದರು.

ಮರುದಿನ ಮೊದಲ ಬಸ್ಸಿಗೆ ದೇವದುರ್ಗಕ್ಕೆ ಹೋದೆವು. ಹೊಸ ಪ್ರೋಗ್ರಾಮು ಹಾಕಿ, ವೈರು ಬದಲಿಸಿ, ನಾನು ಇಬ್ಬರು ಹೆಂಗಸರನ್ನು ಕರೆದು ಒಟ್ಟಿಗೆ ಒತ್ತಿ ಎಂದೆ. ಎರಡೂ ರೋಲರು ಒಟ್ಟಿಗೆ ನಿಂತವು. "ಅಕ್ಕಾರ, ಇಷ್ಟು ದಿನ ಇದು ಸಾವಕಾಶ ನಿಂದರತಿತ್ತು," ಎಂದಳು ಒಬ್ಬಳು. "ಮಷೀನ್ ಹೊಸಾದು, ಅದಕ್ಕ ಸೊಕ್ಕು ಅಂತಿದ್ದಿವಿ." ಅವರ ಕೈಗಳನ್ನು ನಾನು ಒಂದೊಂದಾಗಿ ನೋಡಿದೆ. ಎಲ್ಲ ಬೆರಳುಗಳೂ ಇದ್ದವು.

ಮರಳುವಾಗ ಬಸ್ಸಿನಲ್ಲಿ ಕೇಳಿದೆ. "ಆ ಕಾಗದ ಸುಳ್ಳು ಅಂತ ಅವರಿಗೆ ಹೇಳಬೇಕಲ್ರಿ?"

"ರಿಪೇರಿ ಮಾಡೀವಲ್ಲ."

"ಆಕಿದೇನು ರಿಪೇರಿ ಆತು?"

ಅವರು ಕಿಟಕಿಯ ಕಡೆ ತಿರುಗಿದರು. "ಬರೆದು ಕೊಟ್ಟೆ ಅಂದ್ರ ನಾಳೆ ಯಾವ ಮಿಲ್ಲಿನವನು ನನ್ನ ಒಳಗ ಬಿಡತಾನ? ಇನ್ನೊಂದೀಟು ದಿನ ತಡಿ," ಎಂದರು.

ತಡೆದೆ. ಒಂದು ದಿನ, ನಾಲ್ಕು ದಿನ, ಎಂಟು ದಿನ. ಅಡುಗೆ ಮಾಡಿದೆ, ಬಟ್ಟೆ ಮಡಚಿದೆ. ನನ್ನ ಅಂಗೈಯ ಗಾಯ ಒಣಗಿ ಸಿಪ್ಪೆ ಬಿತ್ತು. ಒಂಬತ್ತನೇ ದಿನ ನಾನೇ ಕೂತು ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದೆ. ಡಬ್ಬಿಯ ಪಟ್ಟಿಯಲ್ಲಿರುವ ಸಮಯ ತಪ್ಪು, ನಾಲ್ಕನೇ ಮಷೀನಿನ ಹೆಣ್ಣುಮಗಳು ಕೈ ಇಡುವ ಮೊದಲೇ ಬಟನ್ ಒತ್ತಿದ್ದಳು, ತಡವಾದದ್ದು ಡಬ್ಬಿಯ ದೋಷ. ಅದನ್ನು ನಮ್ಮವರ ತಾಟಿನ ಪಕ್ಕದಲ್ಲಿಟ್ಟೆ. ಅವರು ಅದನ್ನು ಊಟ ಮುಗಿಯುವವರೆಗೆ ಮುಟ್ಟಲಿಲ್ಲ. ಕೈ ತೊಳೆದು ಬಂದು, ಸಹಿ ಮಾಡಿದರು.

ಮಾನ್ವಿಗೆ ಒಯ್ದಾಗ ಮಿಲ್ಲಿನ ಸಾವ್ಕಾರರು ಚಹಾ ತರಿಸಿದರು. ಕಾಗದವನ್ನು ಓದಿ ಮಡಚಿ ಮರಳಿ ಕೊಟ್ಟರು. "ಇದು ಈಗ ಯಾಕ್ರಿ? ನನ್ನದಽ ತಪ್ಪು ಅಂತ ಆಕಿನಽ ಒಪ್ಪಿಕೊಂಡಾಳ. ಮೊನ್ನಿ ಕಾಗದಕ್ಕ ಹೆಬ್ಬಟ್ಟು ಹಾಕ್ಯಾಳ. ನಾವೂ ನಮ್ಮ ಕೈಲಾದಷ್ಟು ನೋಡಿಕೊಂಡೀವಿ. ಮುಗದದ್ದನ್ನ ಕೆದರಬ್ಯಾಡ್ರಿ." ಮಾತು ಮೃದುವಾಗಿತ್ತು. ಮೇಜಿನ ಮೇಲಿದ್ದ ಫೈಲಿನಲ್ಲಿ ಆ ಹೆಬ್ಬಟ್ಟು ಕಂಡಿತು. ಪಕ್ಕದಲ್ಲಿ ಎಡಗೈ ಎಂದು ಬರೆದಿತ್ತು.

ಅವಳ ಮನೆ ನೀರಮಾನ್ವಿಯಲ್ಲಿ. ಅಲ್ಲಿಗೆ ಹೋದೆವು. ನಾನು ಅವಳನ್ನು ಮೊದಲ ಸಲ ನೋಡಿದ್ದು ಆಗಲೇ. ಮೂವತ್ತು ದಾಟಿರದ ಹೆಂಗಸು, ಹೊರಸಿನ ಮೇಲೆ ಕೂತಿದ್ದಳು. ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿನ ದಿಂಬಿನ ಮೇಲಿಟ್ಟುಕೊಂಡಿದ್ದಳು. ಹಣೆಗೆ ಕುಂಕುಮ ಓರೆಯಾಗಿತ್ತು. ಎಡಗೈಯಿಂದ ಇಟ್ಟುಕೊಂಡದ್ದಿರಬೇಕು. ಅವಳ ಅತ್ತೆ ನಮಗೆ ಕೌದಿ ಹಾಸಿದಳು. ನಾವು ಯಾರೆಂದು ನಮ್ಮವರೇ ಹೇಳಿದರು.

"ಮೊದ್ಲು ನಾನೂ ಒತ್ತೀನಿ ಅಂತಽ ಹೇಳಿದ್ನಿರಿ," ಎಂದಳು ಆಕೆ. "ಮಿಲ್ಲಿನವ್ರು ಕಾಗದದಾಗ ಹಂಗಿಲ್ಲ ಅಂದ್ರು. ಓದಿ ತೋರಿಸಿದ್ರು. ಸೆಕೆಂಡ್ ಸೈತ ಅದ ಅಂದ್ರು. ಈಕಿ ನಮ್ಮತ್ತಿ ಅಂದ್ಲು, ನಿನಗ ಗಾಬರ್ಯಾಗ ನೆಪ್ಪಿಲ್ಲ ಅಂತ. ಹೌದೇನೋ ಅನ್ನಿಸ್ತು. ಹದಿನೈದು ದಿನ ಆತು, ಬರೇ ಅದಽ ಯೋಚನಿ ಮಾಡತೀನಿ. ಒತ್ತಿದ್ನೋ, ಇಲ್ಲೋ."

"ಒತ್ತಿದ್ದಿ ತಂಗಿ," ಎಂದೆ.

ಅವಳು ನನ್ನನ್ನೇ ನೋಡಿದಳು. ಕಾಗದ ಓದಿ ಹೇಳಿದೆ. ಆ ಸಾಲನ್ನು ಇನ್ನೊಮ್ಮೆ ಓದಿರಿ ಎಂದಳು. ಓದಿದೆ. ಅತ್ತೆಯನ್ನು ಹತ್ತಿರ ಕರೆದು, "ಕೇಳ್ಯಾಳಿಲ್ಲೋ, ಮತ್ತೊಮ್ಮೆ ಓದ್ರಿ," ಎಂದಳು. ಅದನ್ನೂ ಓದಿದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಾಗಿಲಿಗೆ ಹೋಗಿ ನಿಂತಳು.

"ತಡಾ ಆಗತದ ಅಂತ ನಿಮಗ ಯಾವಾಗ ಗೊತ್ತಾತ್ರಿ ಅಕ್ಕಾರ?"

ಅಪಘಾತದ ಮರುದಿನ ಎನ್ನಬಹುದಿತ್ತು. ಅದೂ ಪೂರ್ತಿ ಸುಳ್ಳಲ್ಲ. ನಮ್ಮವರು ತಲೆ ಎತ್ತಿ ನನ್ನ ಕಡೆ ನೋಡಿದರು.

"ಡಬ್ಬಿ ಇನ್ನೂ ನಮ್ಮ ಮನ್ಯಾಗ ಇದ್ದಾಗ. ಎರಡು ಬಟನ್ ಒಮ್ಮೆಲೆ ಒತ್ತಿದ್ದೆ. ನಾಲ್ಕನೇದು ತಡಾ ಆತು. ಒಂದು ಸಲ ಹೇಳಿ ಸುಮ್ಮನಾದೆ."

ಅವಳು ಬಯ್ಯುತ್ತಾಳೆಂದು ಕಾದೆ. ಅವಳು ಕಾಗದದ ಕಡೆ ನೋಡುತ್ತಿದ್ದಳು.

"ಅದನ್ನ ಇದರಾಗ ಬರ್ದೀರೇನು?"

"ಇಲ್ಲ."

"ಹಂಗಾದ್ರ ಅದನ್ನೂ ಬರೀರಿ."

ನಮ್ಮವರ ಜೇಬಿನಿಂದ ಪೆನ್ನು ತೆಗೆದುಕೊಂಡೆ. ಬರೆಯಲು ಆಧಾರವಿರಲಿಲ್ಲ. ಅವಳು ಕೈಯನ್ನು ಮೆಲ್ಲಗೆ ಎತ್ತಿ, ಅದರ ಕೆಳಗಿನ ದಿಂಬನ್ನು ಎಡಗೈಯಿಂದ ನನ್ನ ಕಡೆ ತಳ್ಳಿದಳು. ದಿಂಬಿನ ಮೇಲೆ ಕಾಗದವಿಟ್ಟು, ನಮ್ಮವರ ಸಹಿಯ ಕೆಳಗೆ ನಾಲ್ಕು ಸಾಲು ಬರೆದೆ. ಮೆತ್ತಗಿದ್ದುದರಿಂದ ಅಕ್ಷರಗಳು ಸೊಟ್ಟಗಾದವು. ಕೆಳಗೆ ನನ್ನ ಹೆಸರು ಹಾಕಿದೆ.

"ಓದ್ರಿ," ಎಂದಳು.

ಓದಿದೆ.